ಹಳೇ ಸಿಮ್ ರೇಸಿಂಗ್ ಸೆಟ್‌ಗೆ ತೂಕದ ಯಂತ್ರದ ಲೋಡ್ ಸೆಲ್ ಹಾಕಿದ್ದು

ಸಿಮ್ ರೇಸಿಂಗ್ ಸೆಟ್, ಅಂದರೆ ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವ ಸ್ಟೀರಿಂಗ್ ಮತ್ತು ಪೆಡಲ್, ಹಳೆಯದಾಯಿತು ಅಂದರೆ ಎಲ್ಲರೂ ಮೊದಲು ಹೊಸ ಸ್ಟೀರಿಂಗ್ ಬೆಲೆ ಹುಡುಕುತ್ತಾರೆ. ನಾನು ಹೇಳುವುದು ಬೇರೆ. ಕೈಯಲ್ಲಿರುವ ದುಡ್ಡು ಮೊದಲು ಬ್ರೇಕ್ ಪೆಡಲ್‌ಗೆ ಹೋಗಬೇಕು. ಲ್ಯಾಪ್ ಟೈಮ್ (ಟ್ರ್ಯಾಕ್ ಒಂದು ಸುತ್ತು ಹಾಕುವ ಸಮಯ) ಜಾಸ್ತಿ ಕೈತಪ್ಪುವುದು ತಿರುವಿಗೆ ಮುಂಚೆ ಬ್ರೇಕ್ ಹಿಡಿಯುವಾಗಲೇ, ಅಲ್ವಾ? ಅದಕ್ಕೆ ಬೇಕಾದ ಮುಖ್ಯವಾದ ಭಾಗ, ಭಾರ ಅಳೆಯುವ ಲೋಡ್ ಸೆಲ್, ನನಗೆ ನಮ್ಮ ತುಮಕೂರಿನಲ್ಲೇ ಸಿಕ್ಕಿತು.

ನನ್ನದು ಸೆಕೆಂಡ್ ಹ್ಯಾಂಡ್ ತಗೊಂಡ ಗೇರ್ ಡ್ರೈವ್ ವೀಲ್ (ಒಳಗಿನ ಮೋಟರ್ ಗೇರ್‌ಗಳ ಮೂಲಕ ತಿರುಗಿಸುವ ಸ್ಟೀರಿಂಗ್), ಜೊತೆಗೆ ಮೂರು ಪೆಡಲ್. ಆಕ್ಸಿಲರೇಟರ್ ಪೂರ್ತಿ ತುಳಿದಿದ್ದರೂ ಗೇಮ್‌ನಲ್ಲಿ ಅದು 80 ಪರ್ಸೆಂಟ್‌ಗೆ ಇಳಿದು 100ಕ್ಕೆ ಏರುತ್ತಾ ಕುಣಿಯುತ್ತಿತ್ತು. ಬ್ರೇಕ್ ಮುಟ್ಟದೇ ಇದ್ದಾಗಲೂ ಗಾಡಿ ತಾನೇ ಬ್ರೇಕ್ ಹಿಡಿಯುತ್ತಿತ್ತು. ಸ್ಟೀರಿಂಗ್ ನೇರವಾಗಿದ್ದಾಗ ಕಟಕಟ ಸದ್ದು, ಕೈ ಹಿಡಿಯುವ ಜಾಗದಲ್ಲಿ ಲೆದರ್ ಸುಲಿದು ಬಂದಿತ್ತು.

ಪೆಡಲ್ ಕುಣಿಯುವುದಕ್ಕೆ ಕಾರಣ ಒಳಗಿರುವ ಪೊಟೆನ್ಷಿಯೋಮೀಟರ್. ಹಳೇ ರೇಡಿಯೊದ ವಾಲ್ಯೂಮ್ ಕಂಟ್ರೋಲ್‌ನಲ್ಲಿ ಇರುವುದೂ ಇದೇ. ಕಾರ್ಬನ್ ಪಟ್ಟಿಯ ಮೇಲೆ ಒಂದು ಸಣ್ಣ ಲೋಹದ ಕಡ್ಡಿ ಉಜ್ಜಿಕೊಂಡು ಓಡಾಡುತ್ತದೆ, ವರ್ಷಗಟ್ಟಲೆ ಉಜ್ಜಿದ ಮೇಲೆ ಪಟ್ಟಿ ಸವೆಯುತ್ತದೆ, ಪುಡಿ ಕೂರುತ್ತದೆ, ಮೇಲಿಂದ ನಮ್ಮ ರಸ್ತೆಯ ಧೂಳು ಬೇರೆ. ವಿಂಡೋಸ್‌ನ ರನ್ ಬಾಕ್ಸ್‌ನಲ್ಲಿ ಜಾಯ್ ಡಾಟ್ ಸಿಪಿಎಲ್ (joy.cpl) ಅಂತ ಹೊಡೆದು ಪೆಡಲ್ ನಿಧಾನವಾಗಿ ತುಳಿದು ನೋಡಿ. ಪರದೆಯ ಮೇಲಿನ ಗೆರೆ ಎಲ್ಲಿ ಎಗರುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಪುಡಿ ಮಾತ್ರ ಕೂತಿದ್ದರೆ ಮೊಬೈಲ್ ರಿಪೇರಿಯವರು ಬಳಸುವ ಐಸೋಪ್ರೊಪೈಲ್ ಆಲ್ಕೋಹಾಲ್ ನಾಲ್ಕು ಹನಿ ಬಿಟ್ಟು, ಹಿಂದಕ್ಕೂ ಮುಂದಕ್ಕೂ ಚೆನ್ನಾಗಿ ಆಡಿಸಿದರೆ ಸಾಕು. ನನ್ನ ಕ್ಲಚ್ ಹಾಗೆಯೇ ಸರಿಯಾಯಿತು. ಆಕ್ಸಿಲರೇಟರ್‌ನದು ಪಟ್ಟಿಯೇ ಸವೆದಿತ್ತು, ಹಾಗಾಗಿ ಬೆಂಗಳೂರಿನ ಎಸ್.ಪಿ. ರೋಡಿನಿಂದ ಹೊಸದು ತಂದು ಹಾಕಿದೆ. ಕೊಳ್ಳುವಾಗ ಹಳೆಯದನ್ನು ಜೇಬಲ್ಲಿ ಇಟ್ಟುಕೊಂಡೇ ಹೋಗಿ, ಶಾಫ್ಟ್ ಆಕಾರ ಒಂದೇ ಇರಬೇಕು. ನನ್ನ ಪೆಡಲ್‌ಗೆ ಬೇಕಿದ್ದದ್ದು 10 ಕಿಲೋ ಓಮ್, ಲೀನಿಯರ್. ಮೈಮೇಲೆ ಬಿ10ಕೆ ಅಂತ ಇರುತ್ತದೆ. ಎ ಅಂತ ಇರುವುದು ಸಾಮಾನ್ಯವಾಗಿ ಆಡಿಯೊಗೆ, ಅದು ಬೇಡ.

ಬ್ರೇಕ್‌ಗೂ ಹೊಸ ಪಾಟ್ (ಪೊಟೆನ್ಷಿಯೋಮೀಟರ್) ಹಾಕಿ ಮುಗಿಸಬಹುದಿತ್ತು. ಆದರೆ ಪಾಟ್ ಅಳೆಯುವುದು ಪೆಡಲ್ ಎಷ್ಟು ದೂರ ಹೋಯಿತು ಅನ್ನುವುದನ್ನು. ನಿಜವಾದ ಕಾರಿನಲ್ಲಿ ಬ್ರೇಕ್ ಹಿಡಿಯುವುದು ನೀವು ಎಷ್ಟು ಬಲ ಹಾಕಿದಿರಿ ಅನ್ನುವುದರ ಮೇಲೆ. ನಮ್ಮ ಕಾಲಿಗೆ ದೂರ ಸರಿಯಾಗಿ ನೆನಪಿರುವುದಿಲ್ಲ, ಬಲ ನೆನಪಿರುತ್ತದೆ. ಒಂದೇ ತಿರುವಿಗೆ ಪ್ರತಿ ಲ್ಯಾಪ್‌ನಲ್ಲೂ ಅಷ್ಟೇ ಬ್ರೇಕ್ ಹಿಡಿಯಬೇಕು ಅಂದರೆ ಬಲವನ್ನೇ ಅಳೆಯಬೇಕು. ಅದಕ್ಕೆ ಬೇಕಾಗಿರುವುದು ಲೋಡ್ ಸೆಲ್. ಆನ್‌ಲೈನ್‌ನಲ್ಲಿ ಲೋಡ್ ಸೆಲ್ ಪೆಡಲ್ ಸೆಟ್‌ಗಳ ಬೆಲೆ ನೋಡಿದರೆ ಎದೆ ಝಲ್ ಅನ್ನುತ್ತದೆ. ಆದರೆ ರಾಗಿ, ಭತ್ತ, ಕೊಬ್ಬರಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಒಳಗೆ ಕೂತಿರುವುದೂ ಇದೇ ಸೆಲ್!

ಎಪಿಎಂಸಿ ಕಡೆ ತೂಕದ ಯಂತ್ರ ರಿಪೇರಿ ಮಾಡುವ ಒಬ್ಬರ ಹತ್ತಿರ ಹೋದೆ. "ಅಣ್ಣ, ಪ್ಲಾಟ್‌ಫಾರ್ಮ್ ಸ್ಕೇಲ್‌ದು ಹಳೇ ಲೋಡ್ ಸೆಲ್ ಒಂದು ಬೇಕಿತ್ತು" ಅಂದೆ. "ಏನ್ ತೂಗ್ತೀರಾ ಸಾರ್ ಅದ್ರಲ್ಲಿ?" ಅಂತ ಕೇಳಿದರು. ಕಂಪ್ಯೂಟರ್ ಗೇಮಿನ ಬ್ರೇಕ್‌ಗೆ ಅಂತ ವಿವರಿಸಿದ ಮೇಲೆ ಅವರಿಗೂ ಉತ್ಸಾಹ ಬಂತು. ಡಬ್ಬದಿಂದ 100 ಕೆಜಿಯದೊಂದು ತೆಗೆದು, ಮಲ್ಟಿಮೀಟರ್ ಹಿಡಿದು ನಾಲ್ಕು ವೈರ್ ಪರೀಕ್ಷೆ ಮಾಡಿ ಕೊಟ್ಟರು. ಕೆಂಪು, ಕಪ್ಪು ಕರೆಂಟ್ ಕೊಡುವ ಜೋಡಿ, ಅದರ ಮಧ್ಯೆ 400 ಓಮ್ ಆಸುಪಾಸು ಬಂತು. ಹಸಿರು, ಬಿಳಿ ಸಿಗ್ನಲ್ ಜೋಡಿ, 350ರ ಹತ್ತಿರ. "ಓವರ್‌ಲೋಡ್ ಆಗಿರೋ ಸೆಲ್ ಆದ್ರೆ ಝೀರೋಗೆ ವಾಪಸ್ ಬರಲ್ಲ, ಅಂಥದ್ದು ತಗೋಬೇಡಿ" ಅಂದರು. ಈ ಮಾತನ್ನು ಯಾರೂ ಮರೆಯಬಾರದು. ಹಳೇ ಸೆಲ್ ತಗೊಳ್ಳುವವರು ಅಂಗಡಿಯಲ್ಲೇ ಮೀಟರಿಗೆ ಹಾಕಿಸಿ, ಒತ್ತಿ ಬಿಟ್ಟು ನೋಡಿಯೇ ತಗೊಳ್ಳಿ.

ಸೆಲ್ ಅಂದರೆ ಮಧ್ಯೆ ತೂತು ಕೊರೆದ ಅಲ್ಯೂಮಿನಿಯಂ ಪಟ್ಟಿ. ಭಾರ ಬಿದ್ದಾಗ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅಂಟಿಸಿರುವ ಸ್ಟ್ರೇನ್ ಗೇಜ್‌ಗಳ ರೆಸಿಸ್ಟೆನ್ಸ್ ಬದಲಾಗುತ್ತದೆ. ಹೊರಗೆ ಬರುವ ಸಿಗ್ನಲ್ ತೀರಾ ಸಣ್ಣದು. ವೋಲ್ಟ್‌ಗೆ 2 ಮಿಲಿವೋಲ್ಟ್ ಕೊಡುವ ಸೆಲ್‌ಗೆ 5 ವೋಲ್ಟ್ ಕೊಟ್ಟರೆ, ಪೂರ್ತಿ 100 ಕೆಜಿ ಇಟ್ಟಾಗಲೂ ಬರುವುದು 10 ಮಿಲಿವೋಲ್ಟ್ ಮಾತ್ರ. ಇದನ್ನು ಹಿಗ್ಗಿಸಿ ಓದಲು ಎಚ್ಎಕ್ಸ್711 ಅನ್ನುವ ಸಣ್ಣ ಬೋರ್ಡ್ ಬೇಕು. ಅದೂ ತಕ್ಕಡಿಗಾಗಿಯೇ ಮಾಡಿದ 24 ಬಿಟ್ ಚಿಪ್. ತಕ್ಕಡಿಗೆ ಅವಸರ ಇಲ್ಲವಲ್ಲ, ಹಾಗಾಗಿ ಸಾಮಾನ್ಯವಾಗಿ ಸಿಗುವ ಬೋರ್ಡ್ ಸೆಕೆಂಡಿಗೆ 10 ಸಲ ಮಾತ್ರ ಓದುತ್ತದೆ. ರೇಸಿಂಗ್‌ಗೆ ಇದು ಸಾಲದು. 200 ಕಿಮೀ ವೇಗದಲ್ಲಿ ಗಾಡಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಐದೂವರೆ ಮೀಟರ್ ಮುಂದೆ ಹೋಗಿರುತ್ತದೆ. ಚಿಪ್‌ನ 15ನೇ ಕಾಲನ್ನು (ಪಿನ್) ಬೋರ್ಡಿನಿಂದ ಎತ್ತಿ, ಪಕ್ಕದ 16ನೇ ಕಾಲಿಗೆ ಸೋಲ್ಡರ್ ಮಾಡಿದರೆ ಅದೇ ಚಿಪ್ ಸೆಕೆಂಡಿಗೆ 80 ಸಲ ಓದುತ್ತದೆ. ಸಣ್ಣ ಮೊನೆಯ ಸೋಲ್ಡರಿಂಗ್ ಐರನ್ ಬೇಕು. ನಿಮಗೆ ಕೈ ನಡುಗುತ್ತದೆ ಅಂದರೆ ಮೊಬೈಲ್ ರಿಪೇರಿಯವರ ಹತ್ತಿರ ಮಾಡಿಸಿ, ಅವರಿಗೆ ಇದು ದಿನದ ಕೆಲಸ.

ಓದಿದ್ದನ್ನು ಕಂಪ್ಯೂಟರಿಗೆ ಹೇಳಲು ಆರ್ಡುಯಿನೋ ಪ್ರೋ ಮೈಕ್ರೋ ಅನ್ನುವ, ನಾವೇ ಪ್ರೋಗ್ರಾಂ ಹಾಕಬಹುದಾದ ಸಣ್ಣ ಬೋರ್ಡ್ ಬಳಸಿದೆ. ಅದರಲ್ಲಿರುವ ಎಟಿಮೆಗಾ32ಯು4 ಚಿಪ್ ಯುಎಸ್‌ಬಿಯಲ್ಲಿ ತಾನೇ ಜಾಯ್‌ಸ್ಟಿಕ್ ಅಂತ ತೋರಿಸಿಕೊಳ್ಳಬಲ್ಲದು. ಆರ್ಡುಯಿನೋದ್ದೇ ಆದ ಹಳೇ ಊನೋ (ಆರ್3) ಬೋರ್ಡ್ ಇದಕ್ಕೆ ನೇರವಾಗಿ ಆಗುವುದಿಲ್ಲ. ಆಕ್ಸಿಲರೇಟರ್, ಕ್ಲಚ್ ಹಳೇ ಕೇಬಲ್‌ನಲ್ಲೇ ಇವೆ, ಬ್ರೇಕ್ ಮಾತ್ರ ಬೇರೆ ಯುಎಸ್‌ಬಿ. ಅಸೆಟ್ಟೋ ಕೋರ್ಸಾ ಅನ್ನುವ ರೇಸಿಂಗ್ ಗೇಮ್ ಇಂಥ ಎರಡೆರಡು ಸಾಧನಗಳನ್ನು ಒಟ್ಟಿಗೆ ಒಪ್ಪುತ್ತದೆ. ಪ್ಲೇಸ್ಟೇಷನ್‌ನಲ್ಲಿ ಆಡುವವರು ಈ ದಾರಿಗೆ ಬರಬೇಡಿ, ಅಲ್ಲಿ ಇದು ಕೆಲಸ ಮಾಡುವುದಿಲ್ಲ. ಹಸಿರು, ಬಿಳಿ ವೈರ್ ಅದಲು ಬದಲಾದರೆ ಗಾಬರಿ ಬೇಡ, ಓದುವುದು ಉಲ್ಟಾ ಆಗುತ್ತದೆ ಅಷ್ಟೇ.

ಇನ್ನು ಕಬ್ಬಿಣದ ಕೆಲಸ. ಪೆಡಲ್‌ನ ಪ್ಲಾಸ್ಟಿಕ್ ತಳ ಈ ಬಲ ತಡೆಯುವುದಿಲ್ಲ. ಅಂತರಸನಹಳ್ಳಿಯ ಒಂದು ಫ್ಯಾಬ್ರಿಕೇಷನ್ ಶೆಡ್‌ನಲ್ಲಿ 6 ಎಂಎಂ ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟ್ ಕತ್ತರಿಸಿ ತೂತು ಹಾಕಿಸಿದೆ. ಸೆಲ್‌ನ ಒಂದು ತುದಿ ಮಾತ್ರ ಪ್ಲೇಟಿಗೆ ಬೋಲ್ಟ್ ಆಗಬೇಕು, ಕೆಳಗೆ ದಪ್ಪ ವಾಷರ್ ಇಟ್ಟು ಬಾಗಲು ಜಾಗ ಬಿಡಬೇಕು, ಇನ್ನೊಂದು ತುದಿಯನ್ನು ಪೆಡಲ್ ಒತ್ತಬೇಕು. ಪೂರ್ತಿ ಪ್ಲೇಟಿಗೆ ಅಂಟಿಸಿಬಿಟ್ಟರೆ ಸೆಲ್ ಬಾಗುವುದೇ ಇಲ್ಲ, ಏನೂ ಓದುವುದಿಲ್ಲ. ಪೆಡಲ್ ಹಿಂದಿನ ಸ್ಪ್ರಿಂಗ್ ತೆಗೆದು, ಕಾರಿನ ಶಾಕ್ ಅಬ್ಸಾರ್ಬರ್‌ಗೆ ಹಾಕುವ ರಬ್ಬರ್ ಬುಷ್ ಎರಡನ್ನು ಬೋಲ್ಟ್‌ಗೆ ಪೋಣಿಸಿದೆ. ಈಗ ಪೆಡಲ್ ಸ್ವಲ್ಪವೇ ಹೋಗಿ ಗಟ್ಟಿಯಾಗಿ ನಿಲ್ಲುತ್ತದೆ. ಆ ಗಟ್ಟಿತನ ಕಾಲಿಗೆ ಎಷ್ಟು ಹಿತ ಅಂತ ತುಳಿದೇ ನೋಡಬೇಕು.

ಹೀಗೆ ಗಟ್ಟಿಯಾದ ಮೇಲೆ ಆಫೀಸ್ ಕುರ್ಚಿ ಹಿಂದಕ್ಕೆ ಓಡುತ್ತದೆ. ಕುರ್ಚಿಯ ಚಕ್ರ ಕಿತ್ತು, ಅದೇ ಶೆಡ್‌ನಲ್ಲಿ 40 ಎಂಎಂ ಚೌಕ ಪೈಪ್‌ನಿಂದ ಕುರ್ಚಿ ಮತ್ತು ಪೆಡಲ್ ಎರಡನ್ನೂ ಸೇರಿಸಿ ಒಂದು ಫ್ರೇಮ್ ಮಾಡಿಸಿದೆ. ಇದನ್ನು ಮಾಡದೆ ಲೋಡ್ ಸೆಲ್ ಹಾಕುವುದು ದಂಡ.

ಸ್ಟೀರಿಂಗ್‌ಗೆ ದೊಡ್ಡ ಕೆಲಸ ಇರಲಿಲ್ಲ. ಬಿಚ್ಚಿ, ಒಣಗಿದ ಹಳೇ ಗ್ರೀಸ್ ಒರೆಸಿ, ಪ್ಲಾಸ್ಟಿಕ್‌ಗೆ ಹಾನಿ ಮಾಡದ ಬಿಳಿ ಗ್ರೀಸ್ ತೆಳುವಾಗಿ ಹಚ್ಚಿ, ಸಡಿಲಾಗಿದ್ದ ಮೋಟರ್ ಸ್ಕ್ರೂ ಬಿಗಿ ಮಾಡಿದೆ. ಸದ್ದು ಪೂರ್ತಿ ಹೋಗಿಲ್ಲ. ಗೇರ್‌ಗಳ ಮಧ್ಯೆ ಸ್ವಲ್ಪ ಆಟ ಇದ್ದೇ ಇರುತ್ತದೆ. ಬಿಚ್ಚುವಾಗ ಮೋಟರ್ ಶಾಫ್ಟ್‌ನ ತುದಿಯಲ್ಲಿರುವ ಎನ್‌ಕೋಡರ್ ಚಕ್ರ (ಸ್ಟೀರಿಂಗ್ ಎಷ್ಟು ತಿರುಗಿತು ಅಂತ ಅಳೆಯಲು ಇರುವುದು) ಮುಟ್ಟಬೇಡಿ, ಅದು ಬಿರುಕು ಬಿಟ್ಟರೆ ಸ್ಟೀರಿಂಗ್‌ನ ನಡು ಜಾಗವೇ ಜರುಗುತ್ತಾ ಹೋಗುತ್ತದೆ. ಲೆದರ್ ಅನ್ನು ಬಿ.ಎಚ್. ರಸ್ತೆಯ ಕಾರ್ ಸೀಟ್ ಕವರ್ ಅಂಗಡಿಯಲ್ಲಿ ಹೊಲಿಸಿದೆ, ಹೊಲಿಗೆ ಒಳಬದಿಗೆ ಬರಲಿ ಅಂತ ಮೊದಲೇ ಹೇಳಿದ್ದೆ.

ಈಗ ಸೆಲ್ ಮೇಲೆ 30 ಕೆಜಿ ಬಿದ್ದರೆ ಗೇಮ್‌ನಲ್ಲಿ ನೂರು ಪರ್ಸೆಂಟ್ ಬ್ರೇಕ್. ಕಾಲು ಸುಮ್ನೆ ಪೆಡಲ್ ಮೇಲಿದ್ದರೆ ಬ್ರೇಕ್ ಹಿಡಿಯದ ಹಾಗೆ ಶುರುವಿನಲ್ಲಿ ಸ್ವಲ್ಪ ಡೆಡ್ ಝೋನ್ ಇಟ್ಟಿದ್ದೇನೆ. ನೀವು ಶುರು ಮಾಡುವಾಗ 20 ಕೆಜಿಯಿಂದ ಮಾಡಿ, ಕಾಲು ಪಳಗಿದ ಮೇಲೆ ಏರಿಸಿ. ಬುಷ್ ಹಾಕಿದ ಬೋಲ್ಟ್‌ಗೆ ಒಳಗೆ ನೈಲಾನ್ ಉಂಗುರ ಇರುವ ನೈಲಾಕ್ ನಟ್ಟೇ ಹಾಕಿ, ಮಾಮೂಲಿ ನಟ್ ಅದುರಿ ಅದುರಿ ಸಡಿಲಾಗುತ್ತದೆ.