ಕಡಸಲಿನ ಮೇಲೆ ಮೊದಲ ಮರದ ಪೆನ್ನು

ಕಡಸಲಿನ (ಲೇತ್) ಮೇಲೆ ಮರದ ಪೆನ್ನು ಕಡೆಯಲು ಕೂತವರೆಲ್ಲರ ಕಣ್ಣು ಉಳಿಯ ಮೇಲಿರುತ್ತದೆ. ಉಳಿಯ ಕೆಲಸ ಇರುವುದು ಹತ್ತು ಹದಿನೈದು ನಿಮಿಷ ಅಷ್ಟೆ. ಪೆನ್ನು ಕೆಡುವುದು ಹೆಚ್ಚಾಗಿ ಅದಕ್ಕೂ ಮೊದಲೇ, ತೂತು ಕೊರೆಯುವಾಗ, ಕೊಳವೆ ಅಂಟಿಸುವಾಗ, ತುದಿ ಸಮ ಮಾಡುವಾಗ. ಹಾಗಾಗಿ ಇಲ್ಲಿ ಆ ಭಾಗವೇ ಉದ್ದವಾಗಿದೆ.

ಮೊದಲ ಪೆನ್ನಿಗೆ ಸ್ಲಿಮ್‌ಲೈನ್ ಕಿಟ್ ತೆಗೆದುಕೊಳ್ಳಿ. ಅಗ್ಗ, ಎರಡು ಹಾಳಾದರೂ ಹೊಟ್ಟೆ ಉರಿಯುವುದಿಲ್ಲ. ಪೊಟ್ಟಣದಲ್ಲಿ 7 ಮಿ.ಮೀ. ದಪ್ಪ, ಸುಮಾರು 53 ಮಿ.ಮೀ. ಉದ್ದದ ಎರಡು ಹಿತ್ತಾಳೆ ಕೊಳವೆ, ಮೂತಿ, ತಿರುಗಿಸುವ ಮೆಕ್ಯಾನಿಸಂ, ನಡುವಿನ ಬಳೆ, ಕ್ಲಿಪ್, ತಲೆ, ಕ್ರಾಸ್ ಕಂಪನಿಯ ಮಾದರಿಯ ರಿಫಿಲ್ ಇರುತ್ತವೆ. ಕಿಟ್‌ನಲ್ಲಿ ಬಾರದ್ದು ಮ್ಯಾಂಡ್ರೆಲ್ (ಮರದ ಹೋಳುಗಳನ್ನು ಪೋಣಿಸಿ ತಿರುಗಿಸುವ ಕಂಬಿ), ಆ ಕಿಟ್‌ಗೇ ಹೊಂದುವ ಬುಶ್‌ಗಳು (ಮರ ಎಷ್ಟು ದಪ್ಪಕ್ಕೆ ಇಳಿಯಬೇಕೆಂದು ತೋರಿಸುವ ಉಕ್ಕಿನ ಉಂಗುರಗಳು), 7 ಮಿ.ಮೀ. ಡ್ರಿಲ್ ಬಿಟ್, ತುದಿ ಸಮ ಮಾಡುವ ಬ್ಯಾರೆಲ್ ಟ್ರಿಮ್ಮರ್. ಮ್ಯಾಂಡ್ರೆಲ್ ಕೊಳ್ಳುವ ಮುನ್ನ ನಿಮ್ಮ ಕಡಸಲಿನ ಹೆಡ್‌ಸ್ಟಾಕ್‌ನಲ್ಲಿ (ಮೋಟಾರು ತಿರುಗಿಸುವ ಕಡೆ) ಇರುವ ಇಳಿಜಾರು ತೂತಿನ ಅಳತೆ ಮೋರ್ಸ್ ಟೇಪರ್ 1 ಅಥವಾ 2 ಎಂದು ನೋಡಿಕೊಳ್ಳಿ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ಮರ

19 ಮಿ.ಮೀ. ಚೌಕ, 125 ಮಿ.ಮೀ. ಉದ್ದದ ತುಂಡು ಸಾಕು. ಪೀಠೋಪಕರಣದ ಕಾರ್ಖಾನೆಯಲ್ಲಿ ಉರಿಗೆ ಹೋಗುವ ತೇಗದ, ಹಲಸಿನ, ಹೊನ್ನೆಯ ಚೂರುಗಳೇ ಇಡೀ ವರ್ಷಕ್ಕಾಗುತ್ತವೆ. ಕಲಿಯುವ ಕೈಗೆ ಹಲಸು ಒಳ್ಳೆಯದು: ತಕ್ಕಮಟ್ಟಿಗೆ ಗಟ್ಟಿ, ಉಳಿಗೆ ಒಗ್ಗುತ್ತದೆ, ಹಳದಿ ಬಣ್ಣ ವರ್ಷಗಳಲ್ಲಿ ಜೇನಿನ ಕಂದಿಗೆ ತಿರುಗುತ್ತದೆ. ಬೀಟೆ ಚೆಂದ, ಆದರೆ ಅದರಲ್ಲಿರುವ ಎಣ್ಣೆಯಂಶಕ್ಕೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅಂಟಿಸುವ ಮುನ್ನ ತೂತಿನೊಳಗೆ ಅಸಿಟೋನ್ ಬಟ್ಟೆ ಆಡಿಸಬೇಕು. ಅದರ ಪುಡಿ ಕೆಲವರಿಗೆ ಮೈ ತುರಿಕೆ ತರುತ್ತದೆ. ಮರ ಯಾವುದಾದರೂ ಒಣಗಿರಲೇಬೇಕು. ಹಸಿ ಮರ ಹಿತ್ತಾಳೆಯ ಮೇಲೆ ಕುಗ್ಗಿ, ಪಾಲಿಷ್ ಆದ ಮೇಲೆ ಉದ್ದಕ್ಕೂ ಸೀಳುತ್ತದೆ.

ಕತ್ತರಿಸುವ ಮೊದಲು ತುಂಡಿನ ಒಂದು ಮುಖದ ಮೇಲೆ ಪೆನ್ಸಿಲ್‌ನಲ್ಲಿ ಉದ್ದನೆಯ ತ್ರಿಕೋನ ಎಳೆಯಿರಿ. ಎರಡು ಹೋಳಾದ ಮೇಲೆ ಯಾವ ತುದಿಗೆ ಯಾವ ತುದಿ ಎಂದು ಅದೇ ಹೇಳುತ್ತದೆ, ಮರದ ಎಳೆಗಳು ಬಳೆಯ ಆಚೀಚೆ ಮುರಿಯದೆ ಹರಿಯುತ್ತವೆ. ಆಮೇಲೆ 57 ಮಿ.ಮೀ.ನ ಎರಡು ಹೋಳು ಕೊಯ್ಯಿರಿ. ತ್ರಿಕೋನ ಚೌಕದ ಮೂಲೆಗಳ ಜೊತೆ ಕಡಸಲಿನಲ್ಲಿ ಹಾರಿಹೋಗುತ್ತದೆ. ಅದಕ್ಕೆ ಬಳೆಯ ಕಡೆಯ ತುದಿಗಳಲ್ಲಿ, ತೂತಿನ ಪಕ್ಕದಲ್ಲೇ ಒಂದು ಗುರುತು ಮಾಡಿಟ್ಟಿರಿ.

ತೂತು

ಡ್ರಿಲ್ ಪ್ರೆಸ್‌ನಲ್ಲಿ ಹೋಳನ್ನು ನೆಟ್ಟಗೆ ವೈಸ್‌ಗೆ ಕಚ್ಚಿಸಿ. ಬರಿಗೈಯಲ್ಲಿ ಹಿಡಿದು ಕೊರೆಯುವ ಯೋಚನೆಯೇ ಬೇಡ. ವೇಗ 700ರಿಂದ 1000 ಆರ್‌ಪಿಎಂ ಇರಲಿ. ಹತ್ತು ಮಿ.ಮೀ. ಇಳಿಸಿ, ಪೂರ್ತಿ ಮೇಲೆತ್ತಿ, ಹೊಟ್ಟು ಕೆಡವಿ, ಮತ್ತೆ ಇಳಿಸಿ. ಹೊಟ್ಟು ಬಿಟ್‌ನ ಸುರುಳಿಯಲ್ಲಿ ಸಿಕ್ಕಿಕೊಂಡರೆ ಬಿಟ್ ಬಿಸಿಯಾಗಿ, ಮರ ಒಳಗಿನಿಂದ ಬಿರುಕು ಬಿಡುತ್ತದೆ. ಆ ಕೂದಲೆಳೆಯ ಬಿರುಕು ಆಗ ಕಾಣದು, ಪಾಲಿಷ್ ಹೊತ್ತಿಗೆ ಕಾಣುತ್ತದೆ. ಕೊನೆಯ 5 ಮಿ.ಮೀ.ಗೆ ಕೈ ಹಗುರ ಮಾಡಿ, ಕೆಳಗೆ ಬೇಡದ ಮರದ ತುಂಡು ಒತ್ತಾಗಿ ಇಡಿ. ಇಲ್ಲದಿದ್ದರೆ ಬಿಟ್ ಹೊರಬರುವ ಕಡೆ ಚಕ್ಕೆ ಎದ್ದು ಹಾರುತ್ತದೆ.

ಅಂಟು

ಕೊಳವೆಯ ಹೊರಮೈಯನ್ನು 150ರ ಉಪ್ಪುಕಾಗದದಿಂದ ಮಂಕಾಗುವಷ್ಟು ಉಜ್ಜಿ. ಹೊಳೆಯುವ ಹಿತ್ತಾಳೆಗೆ ಅಂಟು ನಿಲ್ಲದು. ಕೊಳವೆಯೊಳಗೆ ಅಂಟು ನುಗ್ಗದಂತೆ ಬಾಯಿ ಮುಚ್ಚಬೇಕು: ತೆಳ್ಳಗೆ ಹೆಚ್ಚಿದ ಹಸಿ ಆಲೂಗಡ್ಡೆಯ ಹೋಳಿಗೆ ಕೊಳವೆಯ ತುದಿ ಒತ್ತಿ ತೆಗೆಯಿರಿ, ಬಿಲ್ಲೆಯೊಂದು ಒಳಗೆ ಕಚ್ಚಿಕೊಳ್ಳುತ್ತದೆ. ಆ ತುದಿಯನ್ನೇ ಮೊದಲು ತೂತಿಗೆ ತೂರಿಸಬೇಕು. ಅಂಟು ಒಣಗಿದ ಮೇಲೆ ಬಿಲ್ಲೆಯನ್ನು ಕಡ್ಡಿಯಿಂದ ಚುಚ್ಚಿ ತೆಗೆದರಾಯಿತು.

ಸೂಪರ್ ಗ್ಲೂ ಬೇಗ ಹಿಡಿಯುತ್ತದೆ, ಹೊಸಬರಿಗೆ ಅದೇ ತೊಂದರೆ. ಕೊಳವೆ ಅರ್ಧ ಹೋಗಿ ಅಲ್ಲೇ ಕಲ್ಲಾಗಿ ಕೂತರೆ ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ಐದು ನಿಮಿಷದ ಎಪಾಕ್ಸಿ ಬಳಸಿ. ಕೊಳವೆಗೆ ಹಚ್ಚಿ, ತಿರುಗಿಸುತ್ತಾ ಒಳಗೆ ಹೊರಗೆ ಎರಡು ಬಾರಿ ಆಡಿಸಿ, ಎರಡೂ ತುದಿಯಲ್ಲಿ ಮರ 2 ಮಿ.ಮೀ. ಮುಂದಿರುವಂತೆ ನಿಲ್ಲಿಸಿ. ಹೆಸರು ಐದು ನಿಮಿಷವಾದರೂ ರಾತ್ರಿಯಿಡೀ ಬಿಡಿ. ಎಲ್ಲೋ ಅಂಟು ಸಿಗದೆ ಟೊಳ್ಳು ಉಳಿದಿದ್ದರೆ ಮರ ತೆಳ್ಳಗಾಗುತ್ತಿದ್ದಂತೆ ಸರಿಯಾಗಿ ಅಲ್ಲೇ ಒಡೆದು ಹಾರುತ್ತದೆ.

ಇನ್ನು ತುದಿ. ಬ್ಯಾರೆಲ್ ಟ್ರಿಮ್ಮರ್‌ನ ಕಂಬಿಯನ್ನು ಕೊಳವೆಗೆ ತೂರಿಸಿ, ನಿಧಾನ ವೇಗದಲ್ಲಿ, ಹಗುರ ಒತ್ತಡದಲ್ಲಿ ಮರ ಹೆರೆಯಿರಿ. ಕಂಬಿ ತೂರದಿದ್ದರೆ ಒಳಗೆ ಅಂಟು ಇದೆ ಎಂದರ್ಥ. ಗುಂಡು ಅರದಿಂದ ಕೆರೆದು ತೆಗೆಯಿರಿ. ಹಿತ್ತಾಳೆಯ ಉಂಗುರ ಪೂರ್ತಿ ಹೊಳೆದ ಕ್ಷಣ ನಿಲ್ಲಿಸಿ. ಮುಂದುವರಿಸಿದರೆ ಕೊಳವೆ ಗಿಡ್ಡವಾಗಿ, ಜೋಡಿಸುವಾಗ ರಿಫಿಲ್ಲಿನ ಲೆಕ್ಕ ತಪ್ಪುತ್ತದೆ. ಕಡಿಮೆ ಹೆರೆದು ತುದಿ ಓರೆ ಉಳಿದರೆ ಬಳೆಯ ಬಳಿ ಒಂದು ಕಡೆ ಸಂದು ಕಾಣುತ್ತದೆ, ಅದಕ್ಕೆ ಮದ್ದಿಲ್ಲ.

ಕಡಸಲಿಗೆ

ಶಾಲು, ದುಪಟ್ಟಾ, ಸೆರಗು, ಸರ, ವಾಚು, ತುಂಬುತೋಳು ಯಾವುದೂ ಕಡಸಲಿನ ಹತ್ತಿರ ಸುಳಿಯಬಾರದು. ಮುಖಕ್ಕೆ ಶೀಲ್ಡ್, ಉಜ್ಜುವಾಗ ಮಾಸ್ಕ್.

ಮ್ಯಾಂಡ್ರೆಲ್‌ಗೆ ಬುಶ್, ಹೋಳು, ಬುಶ್, ಹೋಳು, ಬುಶ್ ಎಂದು ಏರಿಸಿ, ತುದಿಯ ನಟ್ಟನ್ನು ಬೆರಳಲ್ಲಿ ಬಿಗಿ ಮಾಡಿ. ಎದುರು ತುದಿಯ ಟೇಲ್‌ಸ್ಟಾಕ್‌ಗೆ 60 ಡಿಗ್ರಿಯ ಲೈವ್ ಸೆಂಟರ್ (ಕೆಲಸದ ಜೊತೆ ತಾನೂ ತಿರುಗುವ ಮೊನೆ) ಬೇಕು. ಅದನ್ನು ತಾಗಿಸಿ ನಿಲ್ಲಿಸಿ, ಒತ್ತಬೇಡಿ. ಮ್ಯಾಂಡ್ರೆಲ್ ಬೆರಳಿಗಿಂತ ಸಣ್ಣ ಕಂಬಿ. ಒತ್ತಿದರೆ ನಡುವೆ ಬಿಲ್ಲಿನಂತೆ ಬಾಗುತ್ತದೆ. ಆಗ ಕಡೆದ ಪೆನ್ನಿನಲ್ಲಿ ಮರ ಒಂದು ಬದಿ ಬುಶ್‌ಗಿಂತ ಉಬ್ಬಿ, ಎದುರು ಬದಿ ತಗ್ಗಿರುತ್ತದೆ. ಹೊಸಬರ ಪೆನ್ನಿನ ನಡುವಿನ ಬಳೆ ಹೊಂದದಿರಲು ಇದೇ ದೊಡ್ಡ ಕಾರಣ, ಬೈಗುಳ ಮಾತ್ರ ಕಿಟ್‌ಗೆ.

ಉಳಿ ಊರುವ ಟೂಲ್ ರೆಸ್ಟ್ ನಡುಮಟ್ಟಕ್ಕೆ, ಮರದ ಮೂಲೆಯಿಂದ 3 ಮಿ.ಮೀ. ದೂರಕ್ಕೆ. ಕೈಯಿಂದ ಒಂದು ಸುತ್ತು ತಿರುಗಿಸಿ ಎಲ್ಲೂ ತಾಗುವುದಿಲ್ಲವೆಂದು ನೋಡಿ, ಆಮೇಲೆ ಸ್ವಿಚ್. ಚೌಕದ ಮೂಲೆ ಹೋಗುವವರೆಗೆ 1500, ದುಂಡಗಾದ ಮೇಲೆ 2500. ರಫಿಂಗ್ ಗೌಜ್ ಎಂಬ ದೋಣಿಯಾಕಾರದ ಉಳಿಯ ಹಿಡಿ ಕೆಳಗಿಳಿಸಿ, ಮೊದಲು ಉಳಿಯ ಬೆನ್ನು ಮರಕ್ಕೆ ತಾಗಲಿ. ನಿಧಾನಕ್ಕೆ ಹಿಡಿ ಎತ್ತಿದಾಗ ಬಾಯಿ ಕಚ್ಚತೊಡಗುತ್ತದೆ. ಸಿಪ್ಪೆ ಸುರುಳಿಯಾಗಿ ಬಂದರೆ ಸರಿ. ಪುಡಿ ಬರುತ್ತಿದ್ದರೆ ಉಳಿ ಮೊಂಡಾಗಿದೆ, ಒತ್ತಬೇಡಿ, ಸಾಣೆ ಹಿಡಿಯಿರಿ. ತುದಿಯಿಂದ ನಡುವಿಗೆ ಉಳಿ ನುಗ್ಗಿಸಿದರೆ ಚಕ್ಕೆ ಏಳುತ್ತದೆ; ನಡುವಿನಿಂದ ತುದಿಯ ಕಡೆಗೆ ಸಾಗಿಸಿ. ರೆಸ್ಟ್ ಮುಂದೆ ತರುವಾಗ ಪ್ರತಿ ಸಲವೂ ಯಂತ್ರ ನಿಲ್ಲಿಸಿ.

ಬುಶ್‌ಗಿಂತ 0.3 ಮಿ.ಮೀ. ದಪ್ಪ ಉಳಿದಾಗ ಉಳಿ ಕೆಳಗಿಡಿ. ಉಳಿದದ್ದು ಉಪ್ಪುಕಾಗದದ ಪಾಲು. ರೆಸ್ಟ್ ಬಿಚ್ಚಿ, ವೇಗ 1000ಕ್ಕೆ ಇಳಿಸಿ, 180, 240, 320, 400, 600 ಎಂದು ಸಾಗಿ. ಪ್ರತಿ ನಂಬರಿನ ಕೊನೆಗೆ ಯಂತ್ರ ನಿಲ್ಲಿಸಿ ಉದ್ದುದ್ದಕ್ಕೆ ನಾಲ್ಕು ಬಾರಿ ಉಜ್ಜಿದರೆ ಸುತ್ತುಗೀರು ಉಳಿಯುವುದಿಲ್ಲ. ಕಾಗದ ಹಿಡಿದ ಬೆರಳು ಬಿಸಿಯಾಯಿತೆಂದರೆ ಮರವೂ ಬಿಸಿಯಾಗಿದೆ. ಇನ್ನೊಂದು: ಕಾಗದ ಬುಶ್‌ನ ಉಕ್ಕನ್ನೂ ಉಜ್ಜುತ್ತದೆ, ಆ ಕಪ್ಪು ಪುಡಿ ಆಲೆ ಮರದಂಥ ಬಿಳಿ ಮರದ ತುದಿಗೆ ಮೆತ್ತಿಕೊಳ್ಳುತ್ತದೆ.

ಹೊಳಪು

ಮೊದಲ ಪೆನ್ನಿಗೆ ಶೆಲ್ಲಾಕ್ (ಅರಗು) ಇರುವ ಫ್ರಿಕ್ಷನ್ ಪಾಲಿಷ್ ಸುಲಭ: ಟಿಶ್ಯೂ ಕಾಗದಕ್ಕೆ ನಾಲ್ಕು ಹನಿ, ತಿರುಗುವ ಮರಕ್ಕೆ ಒತ್ತಿ ಹಿಡಿದರೆ ಶಾಖಕ್ಕೆ ಹೊಳಪು ಬರುತ್ತದೆ. ಕೈಬೆವರಿಗೆ ಕೆಲ ತಿಂಗಳಲ್ಲೇ ಮಂಕಾಗುತ್ತದೆ ಎಂಬುದು ಅದರ ಕೊರತೆ. ಬಾಳಿಕೆಗೆ ಸೂಪರ್ ಗ್ಲೂ ಲೇಪನ, ತೆಳುವಾಗಿ ಆರೆಂಟು ಪದರ. ಅದಕ್ಕೂ ಟಿಶ್ಯೂ ಕಾಗದವೇ ಬೇಕು: ಹತ್ತಿ ಬಟ್ಟೆಗೆ ಸೂಪರ್ ಗ್ಲೂ ಸುರಿದರೆ ಸುಡುವಷ್ಟು ಬಿಸಿಯೇಳುತ್ತದೆ, ಬಟ್ಟೆ ಕಡಸಲಿಗೆ ಸುತ್ತಿಕೊಂಡರೆ ಬೆರಳನ್ನೂ ಎಳೆಯುತ್ತದೆ. ಬುಶ್ ಬಿಡಿಸುವ ಮುನ್ನ ಸಂದಿಯಲ್ಲಿ ಚಾಕುವಿನ ಗೀರು ಹಾಕಿ, ಇಲ್ಲವಾದರೆ ಲೇಪನ ಬುಶ್ ಜೊತೆಗೇ ಕಿತ್ತು ಬರುತ್ತದೆ.

ಚನ್ನಪಟ್ಟಣದವರ ದಾರಿ ಬೇರೆ. ತಿರುಗುವ ಆಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಾಟದ ಶಾಖಕ್ಕೆ ಅರಗು ಕರಗಿ ಹರಡುತ್ತದೆ, ಒಣ ತಾಳೆಗರಿ ಒತ್ತಿದರೆ ಹೊಳೆಯುತ್ತದೆ. ಪೆನ್ನಿಗೂ ಇದು ನಡೆಯುತ್ತದೆ. ಅರಗಿನ ದಪ್ಪಕ್ಕೆ ಜಾಗ ಬಿಟ್ಟು ಮರವನ್ನು ಬುಶ್‌ಗಿಂತ ಕೂದಲೆಳೆ ತಗ್ಗಿಸಿಕೊಳ್ಳಿ.

ಜೋಡಣೆ

ಪೆನ್ ಪ್ರೆಸ್ ಇಲ್ಲದಿದ್ದರೆ ದವಡೆಗೆ ಮರದ ಹಲಗೆ ಕೊಟ್ಟ ವೈಸ್ ಸಾಕು. ಕೆಳಹೋಳಿನ ಒಂದು ತುದಿಗೆ ಮೂತಿ ಒತ್ತಿ. ಇನ್ನೊಂದು ತುದಿಗೆ ಮೆಕ್ಯಾನಿಸಂನ ಹಿತ್ತಾಳೆಯ ಕಡೆಯನ್ನು ಇಟ್ಟು, ಅದರ ಮೇಲಿನ ಗೀರಿಗೆ ಇನ್ನೂ 3 ಮಿ.ಮೀ. ಇರುವಾಗಲೇ ನಿಲ್ಲಿಸಿ. ರಿಫಿಲ್ ತಿರುಗಿಸಿ ಕೂರಿಸಿ, ಮುಳ್ಳು ಎಷ್ಟು ಹೊರಬರುತ್ತದೆ ನೋಡಿ. ಸಾಲದಿದ್ದರೆ ರಿಫಿಲ್ ತೆಗೆದು, ಅರ್ಧ ಮಿ.ಮೀ. ಒತ್ತಿ, ಮತ್ತೆ ನೋಡಿ. ಹೆಚ್ಚು ಒತ್ತಿದರೆ ಮುಳ್ಳು ಒಳಗೇ ಹೋಗದ ಪೆನ್ನಾಗಿ, ಅಂಗಿಯ ಜೇಬೆಲ್ಲ ಶಾಯಿ. ಹಿಂದಕ್ಕೆ ಬಡಿದು ತೆಗೆಯಲು ಹೋದರೆ ಮೆಕ್ಯಾನಿಸಂ ಸಾಮಾನ್ಯವಾಗಿ ಕೆಡುತ್ತದೆ.

ಮೇಲಿನ ಹೋಳಿಗೆ ಕ್ಲಿಪ್ ಮತ್ತು ತಲೆ ಒತ್ತಿ. ಓರೆಯಾಗಿ ಒತ್ತಿದರೆ ಇಲ್ಲೂ ಮರ ಸೀಳುತ್ತದೆ. ಬಳೆ ಏರಿಸಿ, ಮೇಲಿನ ಹೋಳನ್ನು ಮೆಕ್ಯಾನಿಸಂ ಮೇಲೆ ಕೈಯಿಂದಲೇ ತೂರಿಸಿ. ಮುಳ್ಳು ಹೊರಗಿರುವಾಗ ಎಳೆಗಳು ಒಂದೇ ಗೆರೆಗೆ ಬರುವಂತೆ ತಿರುಗಿಸಿ ಕೂರಿಸಿದರೆ, ಬರೆಯುವಾಗಲೆಲ್ಲ ಪೆನ್ನು ಒಂದೇ ತುಂಡು ಮರದಂತೆ ಕಾಣುತ್ತದೆ. ರಿಫಿಲ್ ಮುಗಿದಾಗ ಮೇಲಿನ ಹೋಳನ್ನು ಎಳೆದು ತೆಗೆದರಾಯಿತು.