ಗಾಜಿನ ಪ್ರತಿಫಲನ ತಗ್ಗಿಸುವ ಸರಂಧ್ರ ಸಿಲಿಕಾ ತೆಳುಪದರ: ತಯಾರಿಸುವ ಬಗೆ

ಬರಿಯ ಗಾಜಿನ ಒಂದೊಂದು ಮುಖವೂ ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 4ರಷ್ಟನ್ನು ಹಿಂದಕ್ಕೆ ಕಳುಹಿಸುತ್ತದೆ. ಒಂದೇ ಪದರದಿಂದ ಇದನ್ನು ಇಲ್ಲವಾಗಿಸಬೇಕಾದರೆ ಪದರದ ವಕ್ರೀಭವನ ಸೂಚ್ಯಂಕವು (ಬೆಳಕು ಅದರೊಳಗೆ ಎಷ್ಟು ನಿಧಾನವಾಗುತ್ತದೆ ಎಂಬುದರ ಅಳತೆ) ಗಾಜಿನ ಸೂಚ್ಯಂಕವಾದ 1.52ರ ವರ್ಗಮೂಲಕ್ಕೆ, ಅಂದರೆ ಸುಮಾರು 1.23ಕ್ಕೆ ಹೊಂದಬೇಕು, ದಪ್ಪವು ಪದರದೊಳಗಿನ ತರಂಗಾಂತರದ ಕಾಲುಭಾಗ, ಅಂದರೆ 550 ನ್ಯಾನೊಮೀಟರ್‌ನ ಹಸಿರು ಬೆಳಕಿಗೆ ಸುಮಾರು 112 ನ್ಯಾನೊಮೀಟರ್ ಇರಬೇಕು. ದಟ್ಟ ಸಿಲಿಕಾದ ಸೂಚ್ಯಂಕ 1.46. ಅದರ ಗಾತ್ರದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಗಾಳಿ ಸೇರಿದಾಗ ಮಾತ್ರ 1.23 ದೊರೆಯುತ್ತದೆ.

ಈ ಗಾಳಿಯನ್ನು ಒದಗಿಸುವುದು ದ್ರಾವಣದ ರಸಾಯನಕ್ರಿಯೆ. ಎಥನಾಲ್‌ನಲ್ಲಿ ಸಿಲಿಕಾ ಕೊಡುವ ಟೆಟ್ರಾಎಥಾಕ್ಸಿಸಿಲೇನ್ ಎಂಬ ದ್ರವವನ್ನು ಬೆರೆಸಿ, ಸ್ವಲ್ಪ ನೀರು ಮತ್ತು ಅಮೋನಿಯ ಸೇರಿಸಿ, ಪಾತ್ರೆಯನ್ನು ಮುಚ್ಚಿ ಕೆಲವು ದಿನ ಮಾಗಲು ಬಿಡಬೇಕು. ಸಿಲಿಕಾದ ದುಂಡು ಕಣಗಳು ನಿಧಾನವಾಗಿ ಬೆಳೆಯುತ್ತವೆ. ಪದರದಲ್ಲಿ ಅವುಗಳ ನಡುವೆ ಉಳಿಯುವ ಸಂದುಗಳೇ ಗಾಳಿಗೆ ಜಾಗ. ಕಣಗಳು 10ರಿಂದ 20 ನ್ಯಾನೊಮೀಟರ್ ಆಸುಪಾಸಿನಲ್ಲಿದ್ದರೆ ಒಳ್ಳೆಯದು, ಏಕೆಂದರೆ ದೊಡ್ಡ ಕಣಗಳು ಬೆಳಕನ್ನು ಚದುರಿಸಿ ಪದರವನ್ನು ಮಸುಕಾಗಿಸುತ್ತವೆ. ಅಮೋನಿಯದ ಬದಲು ಆಮ್ಲವನ್ನು ಬಳಸಿದರೆ ಎಳೆಎಳೆಯಾದ ಪಾಲಿಮರ್ ರೂಪುಗೊಂಡು ಒಣಗುವಾಗ ಒತ್ತಾಗಿ ಕುಗ್ಗುತ್ತದೆ. ಪದರ ಗಟ್ಟಿಯಾಗುತ್ತದೆ, ಆದರೆ ಬೇಕಾದ ಸೂಚ್ಯಂಕ ಸಿಗುವುದಿಲ್ಲ. ಇವೆಲ್ಲವನ್ನೂ ಆವಿಯನ್ನು ಹೊರಗೆಳೆಯುವ ಪ್ರಯೋಗಾಲಯದ ಹೊಗೆಗೂಡಿನೊಳಗೆ (ಫ್ಯೂಮ್ ಹುಡ್), ಬೆಂಕಿಯಿಂದ ದೂರದಲ್ಲಿ, ಕೈಗವಸು ಮತ್ತು ಕನ್ನಡಕ ಧರಿಸಿಯೇ ಮಾಡಬೇಕು.

ಗಾಜನ್ನು ಸಾಬೂನು ನೀರು, ಶುದ್ಧ ನೀರು, ಎಥನಾಲ್‌ಗಳಿಂದ ಕ್ರಮವಾಗಿ ತೊಳೆದು ಒಣಗಿಸಿ. ಶುದ್ಧ ನೀರು ಹನಿಗಟ್ಟದೆ ಮೇಲ್ಮೈಯಲ್ಲೆಲ್ಲ ಸಮನಾಗಿ ಹರಡಿದರೆ ಜಿಡ್ಡು ಹೋಗಿದೆಯೆಂದು ತಿಳಿಯಬಹುದು.

ಒಣಗಿದ ಗಾಜನ್ನು ದ್ರಾವಣದಲ್ಲಿ ಅದ್ದಿ, ಮೋಟಾರಿನಿಂದ ಸಮವೇಗದಲ್ಲಿ ಮೇಲೆತ್ತಬೇಕು. ದಪ್ಪವನ್ನು ನಿರ್ಧರಿಸುವುದು ಮುಖ್ಯವಾಗಿ ಹೀಗೆ ಮೇಲೆತ್ತುವ ವೇಗ. ವೇಗ ಹೆಚ್ಚಿದಂತೆ ಪದರ ದಪ್ಪವಾಗುತ್ತದೆ, ಆದರೆ ಅದೇ ಪ್ರಮಾಣದಲ್ಲಲ್ಲ: ಸಾಮಾನ್ಯವಾಗಿ ವೇಗದ ಮೂರನೇ ಎರಡರ (2/3) ಘಾತಕ್ಕೆ ಅನುಗುಣವಾಗಿ. ಆದ್ದರಿಂದ ಮೂರು ನಾಲ್ಕು ವೇಗಗಳಲ್ಲಿ ಮಾದರಿಗಳನ್ನು ತೆಗೆದು, ಅವುಗಳ ದಪ್ಪದಿಂದ ಬೇಕಾದ ವೇಗವನ್ನು ಲೆಕ್ಕ ಹಾಕುವುದೇ ಸರಿಯಾದ ದಾರಿ. ಮೋಟಾರಿನ ಕಂಪನವೂ ಸುತ್ತಲಿನ ಗಾಳಿಯ ಚಲನೆಯೂ ಅಡ್ಡಪಟ್ಟೆಗಳನ್ನು ಮೂಡಿಸುತ್ತವೆ. ಇವೆರಡನ್ನೂ ತಡೆಯಲು ಪಟ್ಟ ಶ್ರಮ ಎಂದೂ ವ್ಯರ್ಥವಾಗದು.

ಒಣಗಿದ ಪದರವನ್ನು ಕಪ್ಪು ಹಿನ್ನೆಲೆಯ ಮೇಲಿಟ್ಟು, ಬಿಳಿ ಬೆಳಕಿನಲ್ಲಿ ಅದರ ಪ್ರತಿಫಲನದ ಬಣ್ಣವನ್ನು ಗಮನಿಸಿ. ಮಂದವಾದ ನೇರಳೆ ಕಂಡರೆ ದಪ್ಪ ಸರಿಯಾಗಿದೆ. ಹಳದಿಮಿಶ್ರಿತ ಕಂದು ಕಂಡರೆ ತೆಳುವಾಗಿದೆ. ನೀಲಿಯತ್ತ ವಾಲಿದರೆ ದಪ್ಪವಾಗಿದೆ. ಬಳಿಕ ಪ್ರತಿ ತರಂಗಾಂತರದ ಬೆಳಕನ್ನೂ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಅಳೆಯಿರಿ: ಎರಡೂ ಮುಖಗಳಿಗೆ ಲೇಪನವಾಗಿದ್ದರೆ, ಲೇಪನಕ್ಕೆ ಮೊದಲು ಶೇ. 92ರ ಸುಮಾರಿನಲ್ಲಿದ್ದ ಪಾರಗಮನವು (ಗಾಜಿನ ಮೂಲಕ ಹಾದುಹೋಗುವ ಬೆಳಕಿನ ಪಾಲು) 550 ನ್ಯಾನೊಮೀಟರ್‌ನಲ್ಲಿ ಶೇ. 98ನ್ನು ದಾಟಬೇಕು. ಕನಿಷ್ಠ ಪ್ರತಿಫಲನ ಬೇರೆ ತರಂಗಾಂತರದಲ್ಲಿ ಬಂದರೆ ವೇಗವನ್ನು ಬದಲಿಸಿ. ಸರಿಯಾದ ತರಂಗಾಂತರದಲ್ಲಿದ್ದೂ ಸಾಕಷ್ಟು ಇಳಿಯದಿದ್ದರೆ ದ್ರಾವಣವನ್ನೇ ತಿದ್ದಬೇಕು.

ಇಂಥ ಪದರವು ಬೆರಳು ತಾಗಿದರೂ ಕೆಡುವಷ್ಟು ಮೃದು. ಮುಚ್ಚಿದ ಪಾತ್ರೆಯಲ್ಲಿ ಅಮೋನಿಯದ ಆವಿಗೆ ಒಡ್ಡಿದರೆ ಕಣಗಳ ನಡುವಿನ ಬೆಸುಗೆ ಬಲಗೊಳ್ಳುತ್ತದೆ. ರಂಧ್ರಗಳು ತೇವವನ್ನು ಹೀರಿದಾಗ ಸೂಚ್ಯಂಕ ಏರುವುದರಿಂದ, ಕೊನೆಯಲ್ಲಿ ಹೆಕ್ಸಾಮೀಥೈಲ್‌ಡೈಸಿಲಜೇನ್ ಎಂಬ ರಾಸಾಯನಿಕದ ಆವಿಯಿಂದ ರಂಧ್ರಗಳ ಒಳಮೈಯನ್ನು ಜಲವಿಕರ್ಷಕವಾಗಿಸುವುದನ್ನು (ನೀರನ್ನು ದೂರವಿಡುವಂತೆ ಮಾಡುವುದನ್ನು) ಬಿಡಬೇಡಿ.