ಮನೆಯೊಳಗೆ ಹಾವು ಬರುವುದು ನಿಂತಿತು: ಮರಳು, ಜಾಲರಿ, ಇಲಿ ಲೆಕ್ಕ

ಮೂರು ಮಳೆಗಾಲ ಆಯಿತು, ಮನೆಯೊಳಗೆ ಒಂದು ಹಾವೂ ನುಗ್ಗಿಲ್ಲ. ಬೇಲಿಯಲ್ಲಿ, ಅಂಗಳದಾಚೆ ಈಗಲೂ ಓಡಾಡುತ್ತವೆ, ಅದು ಬೇರೆ ಮಾತು. ‘ಜಾಲರಿ ಹೊಡೆದು ಹಾವು ತಡೀತಾನಂತೆ’ ಎಂದು ನಕ್ಕ ಪಕ್ಕದ ತೋಟದವರೇ ಮೊನ್ನೆ ಅಳತೆ ಟೇಪು ಹಿಡಿದು ಬಂದಿದ್ದರು. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹಾಳಾದ ಕಥೆ. ನುಸಿಗುಳಿಗೆ, ಗಂಧಕದ ಪುಡಿ, ಬೆಳ್ಳುಳ್ಳಿ ರಸ, ಫಿನಾಯಿಲ್ ಎಲ್ಲ ಆಯಿತು. ಗಂಧಕದ ಗೆರೆಯನ್ನು ಕೇರೆಹಾವೊಂದು ನನ್ನ ಕಣ್ಣೆದುರೇ ಸಲೀಸಾಗಿ ದಾಟಿತು, ಹೊಟ್ಟೆಗೆಲ್ಲ ಹಳದಿ ಪುಡಿ ಮೆತ್ತಿಕೊಂಡು. ಕಾರ್ಬಾಲಿಕ್ ಆಮ್ಲ ಸುರಿಯಿರಿ ಎಂದವರಿದ್ದರು. ಮೈಗೆ ತಾಗಿದರೆ ಸುಡುವ ವಸ್ತು, ನಾಯಿ ಕೋಳಿ ಓಡಾಡುವ ಜಾಗ, ಬೇಡವೆಂದೆ. ನೆಲಕ್ಕೆ ಚುಚ್ಚಿದರೆ ಗುಂಯ್‌ಗುಡುವ ಸೋಲಾರ್ ಕಡ್ಡಿ ನಾಲ್ಕೈದು ತಂದು ನೆಟ್ಟೆ. ಒಂದರ ಬುಡದಲ್ಲೇ ಪೊರೆ ಕಳಚಿ ಹೋಗಿತ್ತು! ಇಷ್ಟಕ್ಕೆಲ್ಲ ಸುರಿದದ್ದು, ಆಮೇಲೆ ಜಾಲರಿಗೆ ಆದ ಖರ್ಚಿನ ಹೆಚ್ಚುಕಡಿಮೆ ಎರಡರಷ್ಟು.

ದಾರಿ ತೋರಿಸಿದ್ದು ಮರಳು. ಗೋಡೆಯ ಸುತ್ತ ಎರಡು ಮೊಳ ಅಗಲ ಹುಲ್ಲು ಕೆತ್ತಿ, ಜರಡಿ ಹಿಡಿದ ಮರಳು ತೆಳ್ಳಗೆ ಹರಡಿದೆ. ಸಂಜೆ ಪೊರಕೆ ಆಡಿಸುವುದು, ಬೆಳಿಗ್ಗೆ ಬಗ್ಗಿ ನೋಡುವುದು. ಇಲಿಯ ಹೆಜ್ಜೆ, ಕಪ್ಪೆ ಕುಪ್ಪಳಿಸಿದ ಗುರುತು, ನಡುವೆ ಬಳುಕಿದ ಗೆರೆ. ಮುಂಬಾಗಿಲ ಕಡೆ ಒಂದೂ ಇಲ್ಲ. ಗೆರೆಗಳೆಲ್ಲ ಬಚ್ಚಲ ನೀರಿನ ಕೊಳವೆಗೆ, ಮೇವಿನ ಕೋಣೆಯ ಬಾಗಿಲ ಸಂದಿಗೆ ಹೋಗುತ್ತಿದ್ದವು. ಇಲಿ ಹೆಜ್ಜೆ ದಟ್ಟವಾಗಿದ್ದದ್ದೂ ಅಲ್ಲೇ.

ಕಿಂಡಿಗಳಿಗೆಲ್ಲ 6 ಮಿಲಿಮೀಟರ್ ಕಣ್ಣಿನ ತಂತಿ ಜಾಲರಿ ಹೊಡೆದೆ. 12ರದ್ದು ಸಾಕು, ಅಗ್ಗ ಎನ್ನುತ್ತಾರೆ, ಕೇಳಬೇಡಿ, ಮರಿಹಾವು ತೂರುತ್ತದೆ. ಕೊಳಕುಮಂಡಲ ಒಂದೇ ಸಲಕ್ಕೆ ಇಪ್ಪತ್ತು ಮೂವತ್ತು ಮರಿ ಹಾಕುವ ಜಾತಿ, ಮರಿಗೂ ಹುಟ್ಟುತ್ತಲೇ ವಿಷ. ನೈಲಾನ್ ಬಲೆಯಂತೂ ಕಟ್ಟಲೇಬೇಡಿ, ಹಾವು ಸಿಕ್ಕಿಕೊಂಡು ಒದ್ದಾಡುತ್ತದೆ, ಬಿಡಿಸುವವರ ಕೈಗೂ ಅಪಾಯ. ಮೇವಿನ ಕೋಣೆಯ ಸುತ್ತ ಜಾಲರಿಯನ್ನು ಗೇಣುದ್ದ ಹೂತು, ಮೇಲ್ಭಾಗ ಹೊರಕ್ಕೆ ವಾಲಿಸಿದ್ದೇನೆ. ಬಾಗಿಲಡಿಯ ರಬ್ಬರ್ ಪಟ್ಟಿಯನ್ನು ಇಲಿ ತಿಂಗಳೊಳಗೆ ಕಡಿದು ಹಾಕಿತು. ತಗಡಿನ ಪಟ್ಟಿ ನಿಂತಿದೆ.

ಜಾಲರಿಗಿಂತ ಹೆಚ್ಚು ಕೆಲಸ ಮಾಡಿದ್ದು ಇಲಿ ಹಿಡಿದದ್ದು. ಕಾಳು, ಹಿಂಡಿ ಮುಚ್ಚಳದ ಡ್ರಮ್ಮಿಗೆ ಹೋಯಿತು. ಸೌದೆ ಗೋಡೆ ಬಿಟ್ಟು ದೂರಕ್ಕೆ, ಒಂದಡಿ ಎತ್ತರದ ಅಟ್ಟಣಿಗೆಗೆ. ಪಾಷಾಣ ಇಟ್ಟಿಲ್ಲ, ಅದನ್ನು ತಿಂದ ಇಲಿಯನ್ನು ಗೂಬೆಯೋ ನಾಯಿಯೋ ತಿಂದರೆ ಅವಕ್ಕೂ ಕುತ್ತು. ಬೋನು ಮಾತ್ರ. ಬೋನಿನೊಳಗೆ ಏನಿಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಪಕ್ಕದ ತೋಟದವರಿಗೂ ಹೇಳಿಲ್ಲ. ಶುರುವಿನ ತಿಂಗಳು ಮೂವತ್ತು ನಲವತ್ತು ಬಿದ್ದಿರಬೇಕು, ಆಮೇಲೆ ವಾರಕ್ಕೊಂದು ಬಿದ್ದರೆ ಹೆಚ್ಚು. ‘ಇಲಿ ಇಲ್ಲದಿದ್ದರೆ ಹಾವು ಹಸಿದು ಒಳಗೇ ಬರುತ್ತೆ ನೋಡು’ ಎಂದು ದೊಡ್ಡಪ್ಪ ಹೆದರಿಸಿದ್ದರು. ಈಗ ಆ ಮಾತೇ ಎತ್ತುವುದಿಲ್ಲ.

ನಡುವೆ ಪೊರೆ ಓದುವ ಹುಚ್ಚು ಹಿಡಿಯಿತು. ಸಿಕ್ಕ ಪೊರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬೆನ್ನಿನ ನಡುಸಾಲು ನೋಡಿ. ಅಲ್ಲಿನ ಹುರುಪೆಗಳು ಅಕ್ಕಪಕ್ಕದವಕ್ಕಿಂತ ದೊಡ್ಡದಾಗಿ, ಆರು ಮೂಲೆಯಾಗಿದ್ದರೆ ಬಹುಮಟ್ಟಿಗೆ ಕಟ್ಟುಹಾವು, ಕೆಲವರು ಕಡಂಬಳ ಅನ್ನುತ್ತಾರಲ್ಲ, ಅದು. ಹಾಗೇ ಪಟ್ಟೆ ಪಟ್ಟೆಯಾಗಿ ಕಂಡು ಮೋಸಗೊಳಿಸುವ, ವಿಷವಿಲ್ಲದ ತೋಳದ ಹಾವಿಗೆ ಆ ದೊಡ್ಡ ಸಾಲು ಇರುವುದಿಲ್ಲ. ಮೇವಿನ ಕೋಣೆಯಲ್ಲಿ ಸಿಕ್ಕಿದ್ದು ಆರು ಮೂಲೆಯದೇ! ಅವತ್ತಿನಿಂದ ನೆಲದ ಹಾಸಿಗೆ ರದ್ದು. ಮಂಚ, ಸೊಳ್ಳೆಪರದೆ, ಪರದೆಯ ಅಂಚು ಹಾಸಿಗೆಯಡಿಗೆ. ಕಟ್ಟುಹಾವು ರಾತ್ರಿ ನೆಲದಲ್ಲಿ ಮಲಗಿದವರನ್ನೇ ಹೆಚ್ಚು ಕಚ್ಚುವುದು. ನೋವೂ ಅಷ್ಟಾಗಿ ಇರುವುದಿಲ್ಲ. ಹೊಟ್ಟೆನೋವು ಬಂದು, ರೆಪ್ಪೆ ಜೋತುಬಿದ್ದಾಗಲೇ ಎಷ್ಟೋ ಜನಕ್ಕೆ ಗೊತ್ತಾಗುವುದು.

ತೋಟದ ತುದಿಯ ಕಲ್ಲುರಾಶಿಯನ್ನು ಬೇಕೆಂದೇ ಮುಟ್ಟಿಲ್ಲ, ಅಲ್ಲಿರುವ ಕೇರೆ ತನ್ನ ಪಾಡಿಗೆ ಇಲಿ ಹಿಡಿಯಲಿ. ಸರಿಹೋಗದೆ ಉಳಿದದ್ದು ಬಚ್ಚಲ ಕೊಳವೆಯೊಂದೇ. ಸೋಪಿನ ನೀರಿಗೆ ಜಿಐ, ಅಂದರೆ ಸತು ಬಳಿದ ಕಬ್ಬಿಣದ ಜಾಲರಿ ಎರಡನೇ ವರ್ಷಕ್ಕೇ ತುಕ್ಕು ಹಿಡಿದು ಉದುರಿತು. ಸ್ಟೀಲಿನದ್ದು ಹಾಕಿದೆ, ಬೆಲೆ ಸುಮಾರು ಮೂರು ಪಟ್ಟು. ಅದಕ್ಕೂ ಕೂದಲು ಕಟ್ಟಿಕೊಂಡು ವಾರಕ್ಕೊಮ್ಮೆ ಬಿಚ್ಚಿ ತೊಳೆಯಬೇಕು. ತಿರುಪಿನ ಚೌಕಟ್ಟು ಮಾಡಿಸಿಕೊಂಡವರು ಯಾರಾದರೂ ಇದ್ದರೆ ಅಳತೆ ತಿಳಿಸಿ.